ಮೂರು ಸಲ ಕಟ್ಟಿದ ಚಕ್ರ

ಲಂಗಕ್ಕೆ ಲಾಡಿ ಏರಿಸಲು ನಿಮ್ಮ ಮನೆಯಲ್ಲಿ ಏನು ಬಳಸುತ್ತೀರೋ ನನಗೆ ತಿಳಿಯದು. ಕೆಲವರು ಪಿನ್ನು ಬಳಸುತ್ತಾರೆ, ಕೆಲವರು ಹಳೆಯ ಬ್ರಷ್ಷಿನ ಹಿಡಿ. ನಮ್ಮ ಮನೆಯಲ್ಲಿ ಅದಕ್ಕೆಂದೇ ಒಂದು ಸ್ಪೋಕ್ ಕಡ್ಡಿ ಇದೆ. ಮೋಟಾರ್ ಬೈಕಿನ ಹಿಂದಿನ ಚಕ್ರದ್ದು. ಅಲ್ಲಲ್ಲಿ ತುಕ್ಕು ಹಿಡಿದಿದೆ, ತಲೆ ಬಾಗಿದೆ. ಆ ಬಾಗಿದ ತಲೆಗೆ ಲಾಡಿ ಕಟ್ಟಿ ತೂರಿಸಿದರೆ ಸಲೀಸಾಗಿ ಆಚೆ ಬರುತ್ತದೆ. ನನ್ನ ಹೆಂಡತಿ ಸರೋಜ ಅದನ್ನು ಅಡುಗೆಮನೆಯಲ್ಲಿ ಸೌಟುಗಳ ಸಾಲಿನಲ್ಲೇ ನೇತುಹಾಕಿದ್ದಾಳೆ. ಜೋಳ ಸುಡಲು, ಒಲೆಯ ಬರ್ನರಿನ ಕಣ್ಣು ಚುಚ್ಚಲು, ಫ್ರಿಜ್ಜಿನಡಿಗೆ ಉರುಳಿದ ಮುಚ್ಚಳ ಎಳೆಯಲು, ಎಲ್ಲಕ್ಕೂ ಅದೇ. ಮೊನ್ನೆ ಅದು ಕಾಣೆಯಾಗಿ ಮನೆಯಲ್ಲಿ ದೊಡ್ಡ ಗದ್ದಲವಾಯಿತು. ಕಡೆಗೆ ಸಿಕ್ಕಿದ್ದು ನನ್ನ ಕುರ್ಚಿಯ ಸಂದಿಯಲ್ಲಿ. ಬೆನ್ನು ತುರಿಸಿಕೊಳ್ಳಲು ತೆಗೆದುಕೊಂಡು ಹೋಗಿದ್ದವನು ನಾನೇ. ಸರೋಜ ಅದನ್ನು ಎರಡು ಸಲ ಸೋಪು ಹಾಕಿ ತೊಳೆದಳು.

ಕಡ್ಡಿಯ ಮೇಲಿನ ನನ್ನ ಮೋಹ ಇಂದಿನದಲ್ಲ. ಮಳವಳ್ಳಿಯಲ್ಲಿ ನಾನು ಹುಡುಗನಾಗಿದ್ದಾಗ ಸೈಕಲ್ಲಿನ ಒಂದು ಮುರಿದ ಕಡ್ಡಿ ಸಿಕ್ಕರೆ ನಮಗೆ ಅವತ್ತೇ ದೀಪಾವಳಿ. ಕಡ್ಡಿಯ ತುದಿಗೆ ಅದರ ನಿಪ್ಪಲ್ಲನ್ನು, ಅಂದರೆ ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟನ್ನು, ತಿರುಗಿಸಿ, ಗುಳಿಯೊಳಗೆ ಬೆಂಕಿಕಡ್ಡಿಯ ಮದ್ದು ಕೆರೆದು ತುಂಬಿ, ಮೊಳೆ ತುರುಕಿ ಕಲ್ಲಿಗೆ ಬಡಿದರೆ ಬೀದಿಯ ಕೋಳಿಗಳೆಲ್ಲ ಮಾಡು ಹತ್ತುತ್ತಿದ್ದವು. ಅಕ್ಕನ ಒಲೆಯ ಪಕ್ಕದ ಬೆಂಕಿಪೊಟ್ಟಣದಲ್ಲಿ ತಲೆಯಿಲ್ಲದ ಕಡ್ಡಿಗಳಷ್ಟೇ ಉಳಿಯುತ್ತಿದ್ದವು. ಅಕ್ಕ ಅವನ್ನು ಗೀರಿ ಗೀರಿ ಸುಸ್ತಾಗಿ, ಆಮೇಲೆ ನನ್ನ ಕಿವಿ ಹುಡುಕಿಕೊಂಡು ಬರುತ್ತಿದ್ದಳು.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳು. ಅವ್ವ ತೀರಿಕೊಂಡ ಮೇಲೆ ನಮ್ಮೂರು ಕೆರಗೋಡಿನಿಂದ ನನ್ನನ್ನು ತನ್ನ ಗಂಡನ ಮನೆಗೆ ಕರೆದೊಯ್ದು ಓದಿಸಿದಳು. ಅವಳಿಗೆ ಮಕ್ಕಳಾಗಲಿಲ್ಲ. ಯಾರಾದರೂ ಆ ಮಾತೆತ್ತಿದರೆ ನನ್ನನ್ನು ತೋರಿಸಿ, ಇವನೊಬ್ಬನೇ ಸಾಲದೇ, ಇಂಥದ್ದು ಇನ್ನೊಂದಾದರೆ ನಾನು ಕೆರೆ ನೋಡಿಕೊಳ್ಳಬೇಕಾಗುತ್ತದೆ ಎನ್ನುತ್ತಿದ್ದಳು. ಹಾಗೆ ಅಂದ ದಿನ ನನ್ನ ಮುದ್ದೆಯ ಮೇಲೆ ಒಂದು ಚಮಚ ತುಪ್ಪ ಹೆಚ್ಚಿಗೆ ಬೀಳುತ್ತಿತ್ತು.

ಭಾವ ಪಶು ಆಸ್ಪತ್ರೆಯ ಕಾಂಪೌಂಡರ್. ಅವರಲ್ಲಿ ಮೈಸೂರಿನಲ್ಲೇ ತಯಾರಾದ ಒಂದು ಬೈಕಿತ್ತು. ಕಿಕ್ಕರೂ ಗೇರೂ ಒಂದೇ ಲಿವರಿನಲ್ಲಿದ್ದ ಆ ಬೈಕಿನ ಟ್ಯಾಂಕಿನ ಮೇಲೆ ಕೂತು ನಾನು ಭಾವನ ಜೊತೆ ಎಷ್ಟೋ ಹಳ್ಳಿ ಸುತ್ತಿದ್ದೇನೆ. ಬೈಕಿಗೆ ಫಿನಾಯಿಲಿನದೂ ಸಗಣಿಯದೂ ಪೆಟ್ರೋಲಿನದೂ ಸೇರಿದ ಒಂದು ವಾಸನೆಯಿತ್ತು. ಅದರ ಶಬ್ದ ಕೇಳಿದರೆ ಮಕ್ಕಳು ಓಡಿ ಬರುತ್ತಿದ್ದವು, ಹಿಂದೆ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದ ಎಮ್ಮೆಗಳು ಹಗ್ಗ ಕಿತ್ತುಕೊಳ್ಳಲು ನೋಡುತ್ತಿದ್ದವು. ಊರಿನವರು ಭಾವನನ್ನು ಡಾಕ್ಟ್ರೇ ಎಂದೇ ಕರೆಯುತ್ತಿದ್ದರು. ನಿಜವಾದ ಡಾಕ್ಟರು ಎದುರಿಗಿದ್ದಾಗ ಮಾತ್ರ ಭಾವ ತಲೆ ತಗ್ಗಿಸುತ್ತಿದ್ದರು.

ಅಕ್ಕ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂರುತ್ತಿದ್ದಳು. ಒಮ್ಮೆ ನಿಡಘಟ್ಟದ ಹತ್ತಿರ ಹೊಸ ಸೀರೆಯ ಸೆರಗು ಹಿಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಂಡಿತು. ಪುಣ್ಯಕ್ಕೆ ಗಾಡಿ ನಿಧಾನವಾಗಿತ್ತು. ರಸ್ತೆಯಲ್ಲಿ ಹೋಗುತ್ತಿದ್ದವರೆಲ್ಲ ನಿಂತು, ಚಕ್ರ ಮುಂದಕ್ಕೆ ತಿರುಗಿಸಿ, ಇಲ್ಲ ಹಿಂದಕ್ಕೆ ತಿರುಗಿಸಿ ಎಂದು ಸಲಹೆ ಕೊಟ್ಟರು. ಭಾವ ದನದ ಗಾಯದ ಪಟ್ಟಿ ಕತ್ತರಿಸುವ ಕತ್ತರಿ ತೆಗೆದು ಸೆರಗಿಗೇ ಹಾಕಿದರು. ಅಕ್ಕ ಎಷ್ಟೋ ದಿನ ಅವರೊಡನೆ ಮಾತಾಡಲಿಲ್ಲ, ಬೇಕಾದ್ದನ್ನೆಲ್ಲ ನನ್ನ ಮೂಲಕ ಹೇಳಿಸುತ್ತಿದ್ದಳು. ಕತ್ತರಿಸಿದ ಆ ಜರಿಯಂಚಿನ ತುಂಡನ್ನು ಮಾತ್ರ ಎಸೆಯದೆ, ಅದೇ ಚಕ್ರವನ್ನು ಉಜ್ಜಲು ಇಟ್ಟುಕೊಂಡಳು.

ಆ ಉಜ್ಜುವಿಕೆಯ ಕತೆಯನ್ನೂ ಹೇಳಬೇಕು. ಆಯುಧಪೂಜೆಯ ಹಿಂದಿನ ದಿನ ಅಕ್ಕ ಹಿತ್ತಾಳೆ ಬಿಂದಿಗೆ, ತಾಮ್ರದ ಹಂಡೆ, ದೀಪದ ಕಂಬ ಎಲ್ಲವನ್ನೂ ಬೆಳಗಿ, ಕೈಯಲ್ಲಿ ಉಳಿದ ಹುಣಸೆಹಣ್ಣು ಬೂದಿಯ ಸಮೇತ ಬೈಕಿನ ಮುಂದೆ ಕೂರುತ್ತಿದ್ದಳು. ರಿಮ್ಮಿನ ಹೊಳಪು ಮೇಲಿನ ಲೇಪದ್ದು, ಹಿತ್ತಾಳೆಯ ಹಾಗೆ ಒಳಗಿನಿಂದ ಬಂದದ್ದಲ್ಲ ಎಂದು ಅವಳಿಗೆ ಹೇಳುವವರು ಯಾರು? ಭಾವ ಒಮ್ಮೆ ಬಾಯಿ ತೆರೆದು, ನಿಡಘಟ್ಟದ ಸೆರಗು ನೆನಪಾಗಿ ಮುಚ್ಚಿಕೊಂಡರು. ಹೀಗೆ ವರ್ಷ ವರ್ಷವೂ ಅಕ್ಕನ ಭಕ್ತಿಗೆ ಲೇಪ ಸವೆದು, ರಿಮ್ಮು ತುಕ್ಕಿಗೆ ತಲೆಬಾಗಿತು. ಇಡೀ ಜಿಲ್ಲೆಯಲ್ಲಿ ಹುಣಸೆಹಣ್ಣಿನಿಂದ ಹಾಳಾದ ಬೈಕು ಅದೊಂದೇ ಇರಬೇಕು ಎಂದುಕೊಂಡಿದ್ದೆ. ಆಮೇಲೆ ವಿಚಾರಿಸಿದರೆ ನಮ್ಮ ಕಡೆ ಅಂಥವು ಇನ್ನೂ ಬೇಕಾದಷ್ಟಿದ್ದವು.

ಭಾವ ಹೋಗಿ ಕೆಲವು ವರ್ಷಗಳಾದವು. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನಿಗೆ ಲಕ್ವ ಹೊಡೆಯಿತು. ಮಂಡ್ಯದ ಆಸ್ಪತ್ರೆಯಿಂದ ನೇರವಾಗಿ ಅದೇ ಊರಿನ ನಮ್ಮ ಮನೆಗೇ ಕರೆತಂದೆವು. ಮಾತು ಬೇಗ ಸರಿಹೋಯಿತು. ನನ್ನನ್ನು ಬೈಯುವಷ್ಟು ಸರಿಹೋಯಿತು ಎಂದರೆ ಪೂರ್ತಿ ಸರಿಹೋಯಿತೆಂದೇ ಅರ್ಥ. ಕಾಲೂ ಎಳೆದುಕೊಂಡು ಬಂತು. ಬಲಗೈ ಮಾತ್ರ ಬರಲಿಲ್ಲ. ಬೆರಳುಗಳು ಒಳಕ್ಕೆ ಮಡಿಸಿಕೊಂಡು ಸುಮ್ಮನಾದವು. ಬಿಸಿಯೂ ತಿಳಿಯದು, ತಂಪೂ ತಿಳಿಯದು.

ಕೈಗೆ ಕೆಲಸ ಕೊಡಿ, ಹಾಗೇ ಬಿಟ್ಟರೆ ಮರೆತುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ವ್ಯಾಯಾಮ ಹೇಳಿಕೊಡಲು ಬಂದ ಹುಡುಗ ಒಂದು ರಬ್ಬರ್ ಚೆಂಡು ಕೊಟ್ಟು, ಹಿಸುಕುತ್ತಿರಿ ಅಜ್ಜಿ ಎಂದ. ಅಕ್ಕ ಆ ಚೆಂಡನ್ನು ಎಡಗೈಯಲ್ಲಿ ಎತ್ತಿ ನೋಡಿದಳು.

"ಮಗೀಗ್ ಕೊಟ್ಟಂಗೆ ಚೆಂಡ್ ಕೊಟ್ಟವ್ನೆ ನೋಡ್ಲಾ. ಇದನ್ನ ಇಸುಕಿ ಏನ್ ಸಾರು ಮಾಡ್ಲಿ ನಾನು?"

ಚೆಂಡು ಸೋಫಾದಡಿಗೆ ಹೋಯಿತು. ನಾವು ಅವಳನ್ನು ಒತ್ತಾಯಿಸಲಿಲ್ಲ. ನೀರು ಕೇಳಿದರೆ ಬಾಯಿಗೇ ಹಿಡಿದೆವು, ಎದ್ದರೆ ಕೂರು ಎಂದೆವು. ಅವಳಿಗೆ ನಿಜವಾಗಿ ನೋವಾಗಿದ್ದು ಊಟದ ವಿಷಯದಲ್ಲಿ. ಎಡಗೈಯಲ್ಲಿ ಚಮಚ ಹಿಡಿದು ಅನ್ನವನ್ನೇನೋ ಹೇಗೋ ತಿನ್ನುತ್ತಿದ್ದಳು. ಮುದ್ದೆಯನ್ನು ಮಾತ್ರ ಮುಟ್ಟಲಿಲ್ಲ. ಎಡಗೈಯಲ್ಲಿ ಮುದ್ದೆ ಮುರಿಯುವುದು ಅವಳಿಂದಾಗದ ಮಾತು, ಚಮಚದಲ್ಲಿ ಮುದ್ದೆ ತಿನ್ನುವುದು ಯಾರಿಂದಲೂ ಆಗದ ಮಾತು. ಮಳವಳ್ಳಿಯ ಆ ಬೀದಿಯಲ್ಲೆಲ್ಲ ಅಕ್ಕನ ಹಾಗೆ ಮುದ್ದೆ ಕಟ್ಟುವವರಿರಲಿಲ್ಲ. ಆ ಕೈ ಈಗ ಮಡಿಲಲ್ಲಿ ಬಿದ್ದಿರುತ್ತಿತ್ತು, ಯಾರಾದರೂ ಬಂದರೆ ಅದರ ಮೇಲೆ ಸೆರಗೆಳೆದುಕೊಳ್ಳುತ್ತಿದ್ದಳು.

ಅವಳ ಬಟ್ಟೆಬರೆ ತರಲೆಂದು ನಾನು ಮಳವಳ್ಳಿಗೆ ಹೋದೆ. ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ಬೈಕು ನಿಂತಿತ್ತು. ನಾನು ಆಗಷ್ಟೇ ಡ್ರಾಯಿಂಗ್ ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿದ್ದವನು. ನಿವೃತ್ತರಿಗೆ ಬುದ್ಧಿ ಎಲ್ಲೆಲ್ಲೋ ಓಡುತ್ತದೆ. ಸಂಜೆ ಲಗೇಜ್ ಆಟೋದಲ್ಲಿ ಬೈಕು ಏರಿಸಿಕೊಂಡು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಾ ಮಂಡ್ಯಕ್ಕೆ ಬಂದೆ. ಬಟ್ಟೆಯ ಗಂಟು ಮಳವಳ್ಳಿಯ ಜಗಲಿಯ ಮೇಲೇ ಉಳಿದಿತ್ತು. ಸರೋಜ ಆವತ್ತು ಆಡಿದ್ದನ್ನು ಇಲ್ಲಿ ಬರೆಯಲಾರೆ. ಅಕ್ಕ ಮಾತ್ರ ಬಾಗಿಲಿಗೆ ಒರಗಿ ಬೈಕನ್ನೇ ನೋಡುತ್ತಾ ನಿಂತಳು.

ಮದ್ದೂರಿನ ಮರಿಸ್ವಾಮಿಯ ಪ್ರವೇಶ ಇಲ್ಲಿಂದ. ಅವನು ಮೆಕ್ಯಾನಿಕ್. ವಿದ್ಯೆ ಕಲಿತದ್ದು ಮಳವಳ್ಳಿಯಲ್ಲಿ ಅಕ್ಕನ ಮನೆಯ ಮಗ್ಗುಲಿನ ಶೆಡ್ಡಿನಲ್ಲಿ. ಆಗ ಭಾವನ ಬೈಕು ರಿಪೇರಿಗೆಂದು ಬಂದಾಗಲೆಲ್ಲ ಅಕ್ಕ ಅವನನ್ನು ಊಟ ಮಾಡಿಸದೆ ಕಳಿಸುತ್ತಿರಲಿಲ್ಲ. ಅವನು ಬೇಕೆಂದೇ ಒಂದೊಂದು ನಟ್ಟು ಸಡಿಲ ಬಿಟ್ಟು ಹೋಗುತ್ತಿದ್ದನೆಂದು ಭಾವನ ಅನುಮಾನ. ಈಗ ತಲೆ ನರೆತಿದೆ, ಮಾತು ನರೆತಿಲ್ಲ. ತನ್ನಂಥ ಚಕ್ರ ಕಟ್ಟುವವನು ಮೈಸೂರಿನಿಂದ ಬೆಂಗಳೂರಿನವರೆಗೆ ಇಲ್ಲ ಎಂದು ಅವನೇ ಹೇಳಿಕೊಳ್ಳುತ್ತಾನೆ. ಹೊಸ ಹೆದ್ದಾರಿ ಊರನ್ನು ಬಿಟ್ಟು ಆಚೆಯಿಂದ ಹೋದ ಮೇಲೆ ಅದನ್ನು ಕೇಳಲು ಗಿರಾಕಿಗಳು ಕಡಿಮೆಯಾಗಿದ್ದರು. ನಾನು ಸಿಕ್ಕಿದೆ.

ಬೈಕು ನೋಡಲು ಮಂಡ್ಯಕ್ಕೆ ಬಂದವನು ಮೊದಲು ಅಕ್ಕನ ಕಾಲು ಮುಟ್ಟಿದ. ಕೈ ನೋಡಿದ. ಆಮೇಲೆ ಚಕ್ರ ನೋಡಿ, ರಿಮ್ಮು ಎರಡೂ ಹೋಗಿವೆ, ಹೊಸ ರಿಮ್ಮು ಹೊಸ ಕಡ್ಡಿ ಹಾಕಬೇಕು ಎಂದ. ಕೆಲವು ದಿನಗಳಲ್ಲಿ ಎಲ್ಲಿಂದಲೋ ತರಿಸಿಕೊಂಡೂ ಬಂದ. ಹಳೆಯ ಚಕ್ರಗಳನ್ನು ಬಿಚ್ಚಿದ. ಲಾಡಿಯ ಕಡ್ಡಿ ಸರೋಜಳ ಕೈ ಸೇರಿದ್ದು ಆಗಲೇ. ಮುಂದಿನ ಚಕ್ರವನ್ನು ನಮ್ಮ ಹಜಾರದಲ್ಲೇ ಕೂತು, ಅಕ್ಕನ ಎದುರಿಗೆ, ಪಾಠ ಹೇಳುವವನ ಹಾಗೆ ಕಟ್ಟಿ ತೋರಿಸಿದ. ಚಕ್ರದ ನಡುವಿನ ಗುಂಭದ ತೂತುಗಳಿಗೆ ಕಡ್ಡಿ ಪೋಣಿಸುವುದು, ಒಳಗಿನಿಂದ ಬರುವ ಕಡ್ಡಿ ಒಂದು ಕಡೆಗೆ ಓರೆಯಾದರೆ ಹೊರಗಿನದು ಇನ್ನೊಂದು ಕಡೆಗೆ, ಒಂದರ ಮೇಲೊಂದು ಹಾದು ರಿಮ್ಮು ಮುಟ್ಟುವುದು, ತುದಿಗೆ ನಿಪ್ಪಲ್ಲು ತಿರುಗಿಸುವುದು. ಅಷ್ಟು ತೋರಿಸಿ ಕೈ ಒರೆಸಿಕೊಂಡ.

"ಇಂದ್ಗಡೆ ಚಕ್ರ ನಾನ್ ಕಟ್ಟಾಕಿಲ್ಲ ಮೇಷ್ಟ್ರೆ. ನೀವೂ ಅಮ್ಮಾವ್ರೂ ಕಟ್ಟಿ. ಔಟ್ ತೆಗೆಯಾಕೆ ನಾನ್ ಬತ್ತೀನಿ. ಕೂಲಿ ಬ್ಯಾಡ. ಅಮ್ಮಾವ್ರು ಕೈಯಾರೆ ಒಂದು ಮುದ್ದೆ ಕಟ್ಟಿ ಇಕ್ಬೇಕು, ಅಷ್ಟೆಯಾ."

ಔಟ್ ತೆಗೆಯುವುದು ಎಂದರೆ ಚಕ್ರ ತಿರುಗುವಾಗಿನ ಓಲಾಟ ಸರಿಪಡಿಸುವುದು. ನನಗೆ ಸಿಟ್ಟು ಬಂದದ್ದು ಅವನ ಸೋಮಾರಿತನಕ್ಕಲ್ಲ, ಮುದ್ದೆಯ ಮಾತಿಗೆ. ಅಕ್ಕ ಬಲಗೈ ಮೇಲೆ ಸೆರಗೆಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಅವನು ಹೋದ ಮೇಲೆ ಮೆಲ್ಲಗೆ, "ಈ ಕೈಲಾ?" ಎಂದಳು. ಯಾರನ್ನು ಕೇಳಿದಳೋ ತಿಳಿಯಲಿಲ್ಲ.

ಮಾರನೆಯ ದಿನ ಕೆಲಸ ಶುರುವಾಯಿತು. ಒಳಗಿನ ಕಡ್ಡಿಗೂ ಹೊರಗಿನ ಕಡ್ಡಿಗೂ ತಲೆಯ ಬಾಗಿನಲ್ಲಿ ಒಂದಿಷ್ಟು ವ್ಯತ್ಯಾಸವಿರುತ್ತದೆ. ಅದಕ್ಕೇ ಎರಡನ್ನೂ ಬೇರೆ ಬೇರೆ ಕಟ್ಟಿಟ್ಟಿದ್ದರು. ನಾನು ಉತ್ಸಾಹದಲ್ಲಿ ಎರಡು ಕಟ್ಟನ್ನೂ ಬಿಚ್ಚಿ ಒಂದೇ ಮೊರಕ್ಕೆ ಸುರಿದೆ. ಅಕ್ಕ ತಲೆ ಚಚ್ಚಿಕೊಂಡು ಮೊರವನ್ನು ತನ್ನ ಮುಂದಕ್ಕೆ ಎಳೆದುಕೊಂಡಳು. ಆಯ್ದಳು. ಎಡಗೈಯಲ್ಲಿ ಎತ್ತಿ ನೋಡಿ, ಬಲಗೈಯ ಮಡಿಸಿದ ಬೆರಳ ಸಂದಿಗೆ ಸಿಕ್ಕಿಸಿ ಗುಂಪು ಮಾಡಿದಳು. ಕಾಳು ಆಯುವ ಹೆಂಗಸಿನ ಮುಂದೆ ಮೊರವಿಟ್ಟರೆ ಅವಳು ಸುಮ್ಮನೆ ಕೂರಲಾರಳು ಎಂದು ಆ ರಬ್ಬರ್ ಚೆಂಡಿನ ಹುಡುಗನಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ.

ನಾನು ಕಡ್ಡಿ ಪೋಣಿಸುವುದು, ಅಕ್ಕ ನಿಪ್ಪಲ್ಲು ತಿರುಗಿಸುವುದು ಎಂದು ಒಪ್ಪಂದವಾಯಿತು. ಎಡಗೈಯಲ್ಲಿ ರಿಮ್ಮು ಹಿಡಿಯಲೇಬೇಕಾಗಿದ್ದರಿಂದ ತಿರುಗಿಸಲು ಬಲಗೈ ಬಿಟ್ಟು ಬೇರೆ ದಾರಿಯಿರಲಿಲ್ಲ. ನಿಪ್ಪಲ್ಲು ಕೈಯಿಂದ ಜಾರಿ ನೆಲಕ್ಕೆ ಬಿತ್ತು, ಮತ್ತೆ ಬಿತ್ತು, ಮಂಚದಡಿಗೆ ಉರುಳಿತು. ಅಕ್ಕ ಅದನ್ನೂ ಬೈದಳು, ನನ್ನನ್ನೂ ಬೈದಳು, ಸತ್ತ ಭಾವನನ್ನೂ ಬೈದಳು. ಆಗ ಅವರೆಕಾಯಿಯ ಕಾಲ. ಸರೋಜ ಪಕ್ಕದಲ್ಲೇ ಕೂತು, ನೆನೆಸಿದ ಕಾಳು ಹಿದುಕುತ್ತಿದ್ದಳು. ಅಕ್ಕ ಅವಳ ಬೆರಳನ್ನೇ ನೋಡಿದಳು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಒತ್ತಿದರೆ ಬೇಳೆ ಪುಟಿಯುತ್ತದಲ್ಲ, ಹಾಗೇ ಮೆಲ್ಲಗೆ ನಿಪ್ಪಲ್ಲನ್ನು ಒತ್ತಿ ಹಿಡಿದಳು. ಅದು ನಿಂತಿತು. ಅರ್ಧ ಸುತ್ತು ತಿರುಗಿತು. ಸರೋಜ ಕಾಳು ಹಿದುಕುವುದನ್ನು ನಿಲ್ಲಿಸಿದ್ದಳು.

ಕೆಲವು ದಿನಗಳಲ್ಲಿ ಚಕ್ರ ಮುಗಿಯಿತು. ನಾನು ಟ್ಯೂಬಿನ ಮೂತಿ ತೂರಿಸಲು ನೋಡಿದರೆ, ಅದರ ತೂತಿನ ಮೇಲೆಯೇ ಎರಡು ಕಡ್ಡಿ ಒಂದನ್ನೊಂದು ದಾಟಿ ಕೂತಿದ್ದವು. ಗಾಳಿ ಹೊಡೆಯುವ ಪಂಪು ಅಲ್ಲಿಗೆ ಹೋಗುವಂತಿರಲಿಲ್ಲ. ಆ ತೂತು ಯಾವಾಗಲೂ ಬಿಡುವಾದ ಜಾಗದಲ್ಲಿ ಬರಬೇಕು ಎಂದು ಮರಿಸ್ವಾಮಿ ಹೇಳಿದ್ದ. ಒಂದು ತೂತು ಆಚೆಗೆ ನಾನು ಶುರು ಮಾಡಿದ್ದೆ. ಮೂವತ್ತಾರು ಕಡ್ಡಿಯನ್ನೂ ಬಿಚ್ಚದೆ ವಿಧಿಯಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಅಳತೆ ಹಿಡಿದು ಗೆರೆ ಎಳೆಯಿರಿ ಎಂದು ಬೋಧಿಸಿದವನ ಗತಿ ಇದು.

ಎರಡನೆಯ ಸಲ ಮೈಯೆಲ್ಲ ಕಣ್ಣಾಗಿ ಕಟ್ಟಿದೆವು. ತೂತು ಇರಬೇಕಾದಲ್ಲಿ ಇತ್ತು. ನಾನು ಮೊಬೈಲಿನಲ್ಲಿ ಫೋಟೊ ಹಿಡಿದು ಸಿಕ್ಕಿದವರಿಗೆಲ್ಲ ಕಳಿಸಿದೆ. ಮರಿಸ್ವಾಮಿ ಬಂದ. ಚಕ್ರ ಎತ್ತಿ ನೋಡಿ, "ಅಮ್ಮಾವ್ರೆ, ಆ ಕೀ ಕೊಡಿ ಇಂಗೆ" ಎಂದು ಕಡ್ಡಿ ತಿರುಗಿಸುವ ಕೀ ತೋರಿಸಿದ. ಅಕ್ಕ ಬಲಗೈ ಚಾಚಿದಳು. ಎರಡು ಬೆರಳು ಹಿಡಿದವು, ಉಳಿದ ಮೂರು ಇನ್ನೂ ಮಡಿಸಿಕೊಂಡೇ ಇದ್ದವು. ಕೀ ನೆಲಕ್ಕೆ ಬಿತ್ತು. ಅವನೇ ಬಗ್ಗಿ ಎತ್ತಿಕೊಂಡ. ಇನ್ನೊಮ್ಮೆ ಚಕ್ರವನ್ನು ನೋಡಿದ, ತಲೆ ಕೆರೆದುಕೊಂಡ.

"ಕಡ್ಡಿ ಕ್ರಾಸ್ ತಪ್ಪೈತೆ ಮೇಷ್ಟ್ರೆ. ಎಲ್ಲಾ ಬಿಚ್ಚಿ."

ನಾನು ಕೂಗಾಡಿದೆ. ಎಲ್ಲಿ ತಪ್ಪಿದೆ ತೋರಿಸು ಎಂದೆ. ಅದೆಲ್ಲ ತೋರಿಸುವಂಥದ್ದಲ್ಲ, ಕಟ್ಟಿ ಕಟ್ಟಿ ತಿಳಿಯುವಂಥದ್ದು ಎಂದು ಕಾಫಿ ಕುಡಿದು ಮದ್ದೂರಿನ ಬಸ್ಸು ಹತ್ತಿದ. ಈ ಬೈಕನ್ನು ಗುಜರಿಗೆ ಹಾಕುತ್ತೇನೆ ಎಂದು ನಾನು ಹಜಾರದಲ್ಲಿ ಅಡ್ಡಾಡುತ್ತಿದ್ದರೆ, ಅಕ್ಕ ಚಕ್ರವನ್ನು ತೊಡೆಯ ಮೇಲೆ ಎಳೆದುಕೊಂಡು ಮೊದಲ ನಿಪ್ಪಲ್ಲು ಬಿಚ್ಚಲು ಶುರು ಮಾಡಿದ್ದಳು. ಬಲಗೈಯಲ್ಲಿ.

ಮೂರನೆಯ ಸಲ ನಾನು ಮಾಡಿದ್ದು ಕಡಿಮೆ. ಯಾವ ಕಡ್ಡಿ ಎಲ್ಲಿಗೆ ಎಂದು ಅಕ್ಕನೇ ಹೇಳುತ್ತಿದ್ದಳು. ಕಡ್ಡಿಯನ್ನು ಬಗ್ಗಿಸಿ ಇನ್ನೊಂದರ ಅಡಿಯಿಂದ ತೂರಿಸುವಾಗ ಪೂರ್ತಿ ಅಂಗೈ ಬೇಕಾಗುತ್ತದೆ. ಮಡಿಸಿಕೊಂಡಿದ್ದ ಬೆರಳುಗಳು ಒಂದೊಂದಾಗಿ, ಕರೆಯದೆ ಬಂದ ನೆಂಟರ ಹಾಗೆ, ಕೆಲಸಕ್ಕೆ ಬಂದು ಸೇರಿದವು. ಚಕ್ರ ಮುಗಿದ ದಿನ ಅದರದೂ ಒಂದು ಫೋಟೊ ತೆಗೆದೆ. ಹಳೆಯದರ ಪಕ್ಕದಲ್ಲಿಟ್ಟು ನೋಡಿದೆ. ಬೆರಳಲ್ಲಿ ದೊಡ್ಡದು ಮಾಡಿ ಒಂದೊಂದೇ ಕಡ್ಡಿ ಹೋಲಿಸಿದೆ. ಎರಡೂ ಒಂದೇ ಆಗಿದ್ದವು. ಒಂದು ಕಡ್ಡಿಯದೂ ವ್ಯತ್ಯಾಸವಿರಲಿಲ್ಲ.

ಮರಿಸ್ವಾಮಿಗೆ ಬೈಯಲೆಂದೇ ಫೋನು ಮಾಡಿದೆ. ಅಂಗಳಕ್ಕೆ ಹೋಗಿ ಮಾಡಿದೆ, ಅಕ್ಕನಿಗೆ ಕೇಳಿಸಬಾರದಲ್ಲ. ಅವನು ನಡುವೆ ಬಾಯಿ ಹಾಕದೆ ಎಲ್ಲ ಕೇಳಿಸಿಕೊಂಡ. ಅವನು ಹಾಗೆ ಕೇಳಿಸಿಕೊಂಡದ್ದು ಆವತ್ತೊಂದೇ ದಿನ.

"ಚಕ್ರ ಸರ್ಯಾಗೇ ಇತ್ತು ಮೇಷ್ಟ್ರೆ. ಅಮ್ಮಾವ್ರ ಬೆರಳು ಇನ್ನೂವೆ ಸರೋಗಿರ್ನಿಲ್ಲ" ಎಂದ.

ನಿಮಗೆ ಮರೆಮಾಚುವುದೇಕೆ, ಕಣ್ಣು ತುಂಬಿ ಬಂತು. ನನ್ನ ಜೀವನದಲ್ಲಿ ನನಗೆ ಒಳ್ಳೆಯದು ಮಾಡಿದವರು ಹಲವರಿದ್ದಾರೆ. ಕಟ್ಟಿದ್ದನ್ನು ಬಿಚ್ಚಿಸಿ ಒಳ್ಳೆಯದು ಮಾಡಿದವನು ಇವನೊಬ್ಬನೇ. ಭಾನುವಾರ ಬಾ ಎಂದಷ್ಟೇ ಹೇಳಿ ಫೋನಿಟ್ಟೆ.

ಭಾನುವಾರ ಅಂಗಳದಲ್ಲಿ ಬೈಕಿಗೆ ಸ್ಟ್ಯಾಂಡು ಹಾಕಿ ಚಕ್ರ ಏರಿಸಿದೆವು. ತಿರುಗುವ ರಿಮ್ಮಿನ ಪಕ್ಕದಲ್ಲಿ ಸೀಮೆಸುಣ್ಣ ಅಲ್ಲಾಡದಂತೆ ಹಿಡಿದರೆ, ಚಕ್ರ ಓಲಾಡಿದಲ್ಲಿ ಗುರುತು ಬೀಳುತ್ತದೆ. ಅಲ್ಲಿ ಈ ಕಡೆಯ ಕಡ್ಡಿ ಸಡಿಲಿಸುವುದು, ಎದುರು ಕಡೆಯದು ಬಿಗಿ ಮಾಡುವುದು. ಸೀಮೆಸುಣ್ಣಕ್ಕೆ ನನ್ನ ಮನೆಯಲ್ಲಿ ಬರವೇ? ನಿವೃತ್ತಿಯ ದಿನ ಹಾರಕ್ಕಿಂತ ಹೆಚ್ಚು ಸೀಮೆಸುಣ್ಣವೇ ಮನೆಗೆ ಬಂದಿತ್ತು. ಹಿಡಿಯಲು ಮರಿಸ್ವಾಮಿ ಅಕ್ಕನನ್ನೇ ಕೂರಿಸಿದ. ಅವಳ ಕೈ ತುಸು ನಡುಗುತ್ತಿತ್ತು. ಬಿದ್ದ ಗುರುತು ಚಕ್ರದ ಓಲಾಟದ್ದೋ ಕೈಯ ಓಲಾಟದ್ದೋ ಎಂದು ಮೊದಮೊದಲು ತಿಳಿಯಲೇ ಇಲ್ಲ. ಕೈಯನ್ನು ಚಕ್ರ ಹಿಡಿದ ಕಬ್ಬಿಣದ ಕವಲಿನ ಮೇಲೆ ಊರಿಕೊಳ್ಳಿ ಎಂದ. ಊರಿದಳು, ನಿಂತಿತು. ಮಧ್ಯಾಹ್ನದ ಹೊತ್ತಿಗೆ ಚಕ್ರ ತಿರುಗಿದರೂ ಸೀಮೆಸುಣ್ಣಕ್ಕೆ ತಾಕುತ್ತಿರಲಿಲ್ಲ.

ಒಳಗೆ ಸರೋಜ ಹಿಟ್ಟು ತೊಳಸಿದಳು. ಅಕ್ಕ ಹಲಗೆಯ ಮುಂದೆ ಕೂತು, ನೀರಿನಲ್ಲಿ ಕೈ ಅದ್ದಿ, ಬಿಸಿ ಹಿಟ್ಟಿಗೆ ಎರಡೂ ಕೈ ಹಾಕಿದಳು. ಹಾಕಿದವಳೇ ಬಲಗೈ ಎಳೆದುಕೊಂಡಳು. ನಾನು ಗಾಬರಿಯಿಂದ ಹತ್ತಿರ ಹೋದೆ.

"ಸುಡ್ತು ಕಣ್ಲಾ" ಎಂದಳು. ಎಷ್ಟೋ ತಿಂಗಳ ಮೇಲೆ ಒಳ್ಳೆಯ ಸುದ್ದಿ ತಂದವಳ ಹಾಗೆ ಹೇಳಿದಳು. ಮತ್ತೆ ನೀರಿಗೆ ಅದ್ದಿ, ಮತ್ತೆ ಹಾಕಿದಳು.

ಮೊದಲ ಮುದ್ದೆ ಮರಿಸ್ವಾಮಿಯ ತಟ್ಟೆಗೆ ಬಂತು. ಹಿದುಕಿದ ಬೇಳೆ ಸಾರು ಬಂತು. ಮುದ್ದೆ ಒಂದು ಕಡೆ ಉಬ್ಬಿತ್ತು, ಒಂದು ಕಡೆ ಕುಗ್ಗಿತ್ತು, ಬೆರಳಿನ ಗುರುತುಗಳು ಹಾಗೇ ಇದ್ದವು. ಮರಿಸ್ವಾಮಿ ಅದನ್ನು ಮುರಿಯಲಿಲ್ಲ. ತಟ್ಟೆಯನ್ನು ನೆಲದ ಮೇಲೆ ಮೆಲ್ಲಗೆ ತಿರುಗಿಸುತ್ತಾ, ಸೀಮೆಸುಣ್ಣ ಹಿಡಿದ ಹಾಗೆ ಒಂದು ಬೆರಳನ್ನು ಮುದ್ದೆಯ ಪಕ್ಕಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ.

"ಔಟೈತೆ ಅಮ್ಮಾವ್ರೆ. ಇನ್ನೊಂದ್ಸಲ ಕಟ್ಬೇಕು."

ಅಕ್ಕ ಅವನನ್ನೇ ನೋಡಿದಳು.

"ಆವತ್ತಿನಂಗೆ ಇದೂ ಸುಳ್ಳೇನ್ಲಾ ಮರಿಸ್ವಾಮಿ?"

ಅವನ ಬೆರಳು ಅಲ್ಲೇ ನಿಂತಿತು. ನಾನು ಸರೋಜಳ ಮುಖ ನೋಡಿದೆ, ಅವಳು ಸಾರಿನ ಪಾತ್ರೆ ನೋಡಿದಳು. ಬಿಚ್ಚುವಾಗಲೇ ತನಗೆ ಗೊತ್ತಾಗಿತ್ತೆಂದು ಅಕ್ಕ ಹೇಳಿದಳು. ಗಾಳಿಯ ತೂತು ಸರಿಯಾದ ಜಾಗದಲ್ಲೇ ಇತ್ತು, ಕಡ್ಡಿಗಳೂ ಮುಂದಿನ ಚಕ್ರದ ಹಾಗೇ ಹಾದಿದ್ದವಲ್ಲ, ಅಷ್ಟೂ ತಿಳಿಯದೇ ಎಂದಳು.

"ಮತ್ಯಾಕಕ್ಕ ಸುಮ್ಗೆ ಎಲ್ಲಾ ಬಿಚ್ಚುದೆ?" ಎಂದು ಕೇಳಿದೆ.

"ನೀವೆಲ್ಲ ಕುಂತ್ಕೊ ಕುಂತ್ಕೊ ಅಂತಿದ್ರಿ ಕಣ್ಲಾ. ಇನ್ನೊಂದ್ಸಲ ಮಾಡು ಅಂದೋನು ಇವ್ನೊಬ್ನೇ."

ಅಷ್ಟು ಹೇಳಿ ಮರಿಸ್ವಾಮಿಯ ತಟ್ಟೆಯಿಂದ ಆ ಸೊಟ್ಟ ಮುದ್ದೆಯನ್ನು ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡಳು. ಬಲಗೈಯನ್ನು ನೀರಿಗೆ ಅದ್ದಿ, ಅವನಿಗೆಂದು ಇನ್ನೊಂದು ಕಟ್ಟಲು ಹಿಟ್ಟು ತೆಗೆದುಕೊಂಡಳು.